ಹಂಗಿಲ್ಲದೆ ವಿಡಿಯೋ ಮಾಡಿ ಬದುಕುವ ಲೆಕ್ಕ

ಮಂಡ್ಯದ ಆಲೆಮನೆ, ಮೈಸೂರಿನ ಗರಡಿಮನೆ, ಮಳವಳ್ಳಿ ಕಡೆಯ ತಂಬೂರಿ ಪದ, ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ರೈತರ ಗೋಳು. ಇಂಥ ವಿಷಯ ಹಿಡಿದು ಕನ್ನಡದಲ್ಲಿ ವಿಡಿಯೋ ಮಾಡುವವರಿಗೆ ಈ ಸೀಮೆಯಲ್ಲಿ ಬರವಿಲ್ಲ. ಶುರುವಿನ ಹುರುಪಿನಲ್ಲಿ ಹತ್ತಾರು ಒಳ್ಳೆಯ ವಿಡಿಯೋ ಬರುತ್ತವೆ. ಆಮೇಲೆ ಚಾನೆಲ್ ನಿಂತುಹೋಗುತ್ತದೆ, ಇಲ್ಲವೇ ಹೆಸರು ಅದೇ ಉಳಿದು ಒಳಗಿನ ಸರಕು ಬದಲಾಗುತ್ತದೆ. ಜಾನಪದದ ಚಾನೆಲ್ಲಿನಲ್ಲಿ ಸೈಟು ಮಾರುವ ವಿಡಿಯೋ ಕಾಣಿಸಿಕೊಳ್ಳುತ್ತದೆ. ಕೃಷಿ ಚಾನೆಲ್ಲಿನವರು ಯಾವುದೋ ಕಂಪನಿಯ ಬಾಟಲಿ ಹಿಡಿದು ನಿಲ್ಲುತ್ತಾರೆ. ಹಾಗೆ ಮಾಡಿದವರನ್ನು ದೂರುವುದು ಸುಲಭ. ಆದರೆ ಮುಂದಿನ ತಿಂಗಳ ಬಾಡಿಗೆ ಒಬ್ಬನೇ ಪ್ರಾಯೋಜಕನ ಕೈಯಲ್ಲಿದ್ದಾಗ ಅವನ ಮಾತಿಗೆ ಒಲ್ಲೆ ಎನ್ನುವುದು ಯಾರಿಗಾದರೂ ಕಷ್ಟ.

ಹಾಗಾಗಿ ಸೃಜನಶೀಲ ಸ್ವಾತಂತ್ರ್ಯದ ಪ್ರಶ್ನೆಯನ್ನು ನಾವು ಲೆಕ್ಕದ ಪುಸ್ತಕದಲ್ಲೇ ನೋಡಬೇಕು ಎನ್ನುತ್ತೇವೆ. ತಿಂಗಳ ಒಟ್ಟು ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಒಂದೇ ಮೂಲ ಭರಿಸುವ ಸ್ಥಿತಿ ಬರಬಾರದು. ಆ ಮೂಲ ಪ್ರಾಯೋಜಕನಾದರೂ ಅಷ್ಟೇ, ಯೂಟ್ಯೂಬ್ ಜಾಹೀರಾತಾದರೂ ಅಷ್ಟೇ.

ಮೊದಲ ಹಣದ ದಾರಿ

ಯೂಟ್ಯೂಬ್ ತನ್ನ ಪಾಲುದಾರಿಕೆಗೆ ಎರಡು ಹಂತ ಇಟ್ಟಿದೆ. ಮೊದಲ ಹಂತಕ್ಕೆ 500 ಸಬ್‌ಸ್ಕ್ರೈಬರ್‌ಗಳು, ಕಳೆದ 90 ದಿನಗಳಲ್ಲಿ 3 ಸಾರ್ವಜನಿಕ ವಿಡಿಯೋ, ಜೊತೆಗೆ 12 ತಿಂಗಳಲ್ಲಿ 3,000 ಗಂಟೆಗಳ ವೀಕ್ಷಣೆ ಅಥವಾ 90 ದಿನಗಳಲ್ಲಿ ಶಾರ್ಟ್ಸ್‌ಗೆ, ಅಂದರೆ ಗಿಡ್ಡ ವಿಡಿಯೋಗಳಿಗೆ, 30 ಲಕ್ಷ ವೀಕ್ಷಣೆ ಬೇಕು. ಇಷ್ಟಾದರೆ ನೋಡುಗರು ತಿಂಗಳಿಗಿಷ್ಟು ಎಂದು ಕೊಡುವ ಸದಸ್ಯತ್ವ, ವಿಡಿಯೋ ಮೆಚ್ಚಿ ಕೊಡುವ ಸೂಪರ್ ಥ್ಯಾಂಕ್ಸ್‌ನಂಥ ನೇರ ಬೆಂಬಲದ ಬಾಗಿಲು ತೆರೆಯುತ್ತದೆ. ಜಾಹೀರಾತಿನ ಹಣಕ್ಕೆ 1,000 ಸಬ್‌ಸ್ಕ್ರೈಬರ್‌ಗಳು, 4,000 ಗಂಟೆ ಅಥವಾ ಶಾರ್ಟ್ಸ್‌ನಲ್ಲಿ 1 ಕೋಟಿ ವೀಕ್ಷಣೆ. ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಸಮಯ ಆ 4,000 ಗಂಟೆಗೆ ಸೇರುವುದಿಲ್ಲ. ಇದು ಗೊತ್ತಿಲ್ಲದೆ ವರ್ಷಪೂರ್ತಿ ಶಾರ್ಟ್ಸ್ ಹಾಕಿ ಕಾಯುವವರಿದ್ದಾರೆ.

ಉದ್ದದ ವಿಡಿಯೋದ ಜಾಹೀರಾತಿನಲ್ಲಿ ಮಾಡಿದವರ ಪಾಲು ಶೇ 55, ಶಾರ್ಟ್ಸ್‌ನಲ್ಲಿ ಶೇ 45, ಸದಸ್ಯತ್ವದಲ್ಲಿ ಶೇ 70. ಶಾರ್ಟ್ಸ್‌ನ ಶೇ 45 ಕಾಗದದ ಮೇಲೆ ಕಂಡಷ್ಟು ಕೈಗೆ ಬರುವುದಿಲ್ಲ. ಒಂದು ಹಾಡು ಬಳಸಿದರೆ ಆ ವೀಕ್ಷಣೆಗಳ ಹಣದಲ್ಲಿ ಅರ್ಧ ಮೊದಲೇ ಸಂಗೀತದ ಹಕ್ಕಿನವರಿಗೆ ಮೀಸಲಾಗುತ್ತದೆ, ಎರಡು ಹಾಡು ಬಳಸಿದರೆ ಮೂರರಲ್ಲಿ ಎರಡು ಪಾಲು. ಮಿಕ್ಕಿದ್ದರಲ್ಲಿ ಹಂಚಿಕೆ.

ಹಳ್ಳಿಯ ವಿಳಾಸದಲ್ಲಿರುವವರು ಎಡವುವುದು ಆಡ್‌ಸೆನ್ಸ್ ಪಿನ್‌ನಲ್ಲಿ. ಯೂಟ್ಯೂಬ್ ಹಣ ಕೈಗೆ ಬರುವುದು ಆಡ್‌ಸೆನ್ಸ್ ಎಂಬ ಗೂಗಲ್ ಖಾತೆಯ ಮೂಲಕ. ಖಾತೆಯಲ್ಲಿ 10 ಡಾಲರ್ ಸೇರಿದಾಗ ವಿಳಾಸ ಪರಿಶೀಲನೆಗೆ ಪಿನ್ ಇರುವ ಕಾಗದ ಸಾಮಾನ್ಯ ಅಂಚೆಯಲ್ಲಿ ಬರುತ್ತದೆ. ನಾಲ್ಕು ತಿಂಗಳೊಳಗೆ ಅದನ್ನು ನಮೂದಿಸದಿದ್ದರೆ ಜಾಹೀರಾತು ನಿಲ್ಲುತ್ತದೆ. ವಿಳಾಸದಲ್ಲಿ ಊರಿನ ಹೆಸರಿನ ಜೊತೆ ಅಂಚೆ ಕಚೇರಿ, ಹೋಬಳಿ, ತಾಲ್ಲೂಕು ಬರೆದು, ಪೋಸ್ಟ್‌ಮ್ಯಾನ್‌ಗೆ ಒಂದು ಮಾತು ಹೇಳಿಡುವುದು ಒಳ್ಳೆಯದು. ಬಾಕಿ 100 ಡಾಲರ್ ದಾಟಿದ ಮೇಲೆ ಹಣ ಮುಂದಿನ ತಿಂಗಳ 21ರಿಂದ 26ರೊಳಗೆ ಹೊರಡುತ್ತದೆ. ಅಮೆರಿಕದ ತೆರಿಗೆ ಅರ್ಜಿಯನ್ನು (ಡಬ್ಲ್ಯು-8ಬೆನ್) ಪ್ಯಾನ್ ಸಂಖ್ಯೆ ಕೊಟ್ಟು ತುಂಬಿದರೆ ಅಮೆರಿಕದ ವೀಕ್ಷಕರಿಂದ ಬಂದ ಹಣಕ್ಕೆ ಮಾತ್ರ ಶೇ 15 ಕಡಿತ. ತುಂಬದೆ ಬಿಟ್ಟರೆ ಇಡೀ ಪ್ರಪಂಚದಿಂದ ಬಂದ ಗಳಿಕೆಯ ಮೇಲೆ ಶೇ 24ರವರೆಗೂ ಹೋಗಬಹುದು.

ಐವತ್ತೈದು ಸಾವಿರದ ಪ್ರಶ್ನೆ

ವಾರಕ್ಕೊಂದು ವಿಡಿಯೋ ಹಾಕುವ ಒಂದು ಚಾನೆಲ್ ಎಂದಿಟ್ಟುಕೊಳ್ಳೋಣ. ಓಡಾಟ ಮತ್ತು ಊಟಕ್ಕೆ 6,000 ರೂಪಾಯಿ. ಎಡಿಟಿಂಗ್‌ಗೆ ಒಬ್ಬರ ಅರೆಕಾಲಿಕ ನೆರವು 10,000. ಇಂಟರ್ನೆಟ್, ಸಾಫ್ಟ್‌ವೇರ್, ಹಾರ್ಡ್‌ಡಿಸ್ಕ್ 2,500. ಕಲಾವಿದರಿಗೆ, ಮಾಹಿತಿ ಕೊಟ್ಟವರಿಗೆ ಗೌರವಧನ 2,500. ಫೋನು, ಮೈಕು, ಲ್ಯಾಪ್‌ಟಾಪ್ ಸೇರಿ 1,44,000 ರೂಪಾಯಿಯ ಸಲಕರಣೆ ಮೂರು ವರ್ಷ ಬಾಳಿದರೆ ತಿಂಗಳಿಗೆ 4,000 ಸವಕಳಿ. ಇದನ್ನು ಬಹುತೇಕರು ಲೆಕ್ಕಕ್ಕೇ ಹಿಡಿಯುವುದಿಲ್ಲ, ಆಮೇಲೆ ಫೋನು ಕೆಟ್ಟ ತಿಂಗಳು ಸಾಲ ಮಾಡುತ್ತಾರೆ. ಇಲ್ಲಿಗೆ 25,000. ಮಾಡುವವರ ಮನೆ ಖರ್ಚಿಗೆ 30,000 ಸೇರಿಸಿದರೆ ಒಟ್ಟು 55,000. ಇದೇ ಕೆಲಸವನ್ನು ಬೆಂಗಳೂರಿನಲ್ಲಿ ಕೂತು ಮಾಡಿದರೆ ಬಾಡಿಗೆಯೊಂದರಿಂದಲೇ ಲೆಕ್ಕ ಏರುಪೇರಾಗುತ್ತದೆ. ಮೈಸೂರು, ಮಂಡ್ಯದಲ್ಲಿ ಇರುವುದು ಈ ಕಸುಬಿನಲ್ಲಿ ಒಂದು ನಿಜವಾದ ಬಂಡವಾಳ.

ಈಗ ಈ ಇಡೀ ಮೊತ್ತವನ್ನು ಜಾಹೀರಾತಿನಿಂದಲೇ ಎತ್ತಬೇಕು ಎಂದುಕೊಳ್ಳಿ. ಸಾವಿರ ವೀಕ್ಷಣೆಗೆ ಕೈಗೆ ಸಿಗುವ ಮೊತ್ತವನ್ನು ಆರ್‌ಪಿಎಂ ಎನ್ನುತ್ತಾರೆ. ಯೂಟ್ಯೂಬ್ ತನ್ನ ಪಾಲು ಹಿಡಿದ ಮೇಲೆ, ಜಾಹೀರಾತು ಬಾರದ ವೀಕ್ಷಣೆಗಳನ್ನೂ ಸೇರಿಸಿ ಬರುವ ಅಂಕಿ ಇದು. ಸಾವಿರ ಸಲ ಜಾಹೀರಾತು ತೋರಿಸಿದ್ದಕ್ಕೆ ಜಾಹೀರಾತುದಾರರು ಕೊಡುವ ಸಿಪಿಎಂ ದರ ನೋಡಿ ಲೆಕ್ಕ ಹಾಕಿದರೆ ಮೋಸಹೋಗುತ್ತೀರಿ. ಉದಾಹರಣೆಗೆ ಆರ್‌ಪಿಎಂ 30 ರೂಪಾಯಿ ಎಂದು ಹಿಡಿದರೆ (ಚಾನೆಲ್ಲಿನ ಲೆಕ್ಕ ನೋಡುವ ಯೂಟ್ಯೂಬ್ ಸ್ಟುಡಿಯೋ ಪುಟ ತೋರಿಸುವ ಅಂಕಿಯನ್ನು ಅಲ್ಲಿ ಇಟ್ಟುಕೊಳ್ಳಿ) 55,000 ರೂಪಾಯಿಗೆ ತಿಂಗಳಿಗೆ 18.3 ಲಕ್ಷ ವೀಕ್ಷಣೆ ಬೇಕು. ವಿಡಿಯೋ ಒಂದಕ್ಕೆ ಸುಮಾರು 4.6 ಲಕ್ಷ. ಪ್ರತಿ ವಾರ, ತಪ್ಪದೆ. ಈ ಅಂಕಿ ತಲೆಯಲ್ಲಿ ಕೂತ ಮೇಲೆ ತಂಬೂರಿ ಪದದವರ ಮನೆಗೆ ಯಾರೂ ಹೋಗುವುದಿಲ್ಲ. ಸಿನಿಮಾ ತಾರೆಯ ಮದುವೆಯ ಸುದ್ದಿಗೆ ಹೋಗುತ್ತಾರೆ. ಯಾರೂ ನಿರ್ಬಂಧ ಹೇರದೆಯೇ ವಿಷಯ ಬದಲಾಗುವುದು ಹೀಗೆ.

ಅದೇ 55,000ವನ್ನು ಒಡೆದು ನೋಡಿ. ಜಾಹೀರಾತಿನಿಂದ 15,000, ಅಂದರೆ 5 ಲಕ್ಷ ವೀಕ್ಷಣೆ, ವಿಡಿಯೋಗೆ ಒಂದೂಕಾಲು ಲಕ್ಷ. ತಿಂಗಳಿಗೆ 89 ರೂಪಾಯಿ ಕೊಡುವ 150 ಸದಸ್ಯರಿಂದ, ಶೇ 18 ಜಿಎಸ್‌ಟಿ ಕಳೆದು ಉಳಿದದ್ದರಲ್ಲಿ ಶೇ 70ರಂತೆ, ಸುಮಾರು 7,900. ಒಬ್ಬ ಪ್ರಾಯೋಜಕನಿಂದ 15,000. ಬೇರೆಯವರಿಗಾಗಿ ಎರಡು ದಿನ ಕ್ಯಾಮೆರಾ ಕೆಲಸ ಮಾಡಿದರೆ ದಿನಕ್ಕೆ 6,000ದಂತೆ 12,000. ಉಳಿದ ಐದು ಸಾವಿರ ನೇರ ಕಾಣಿಕೆ, ಕಾರ್ಯಾಗಾರ, ಹಳೆಯ ದೃಶ್ಯಗಳ ಮಾರಾಟದಿಂದ. ಇದರಲ್ಲಿ ಯಾರೊಬ್ಬರು ಕೈಕೊಟ್ಟರೂ ಮನೆ ಬೀಳುವುದಿಲ್ಲ. ಪ್ರಾಯೋಜಕನಿಗೆ ಬೇಡ ಎಂದರೆ ಆ ತಿಂಗಳು 40,000 ಉಳಿದಿರುತ್ತದೆ, ಕೂಡಿಟ್ಟ ಹಣದಿಂದ 15,000 ತೆಗೆದರೆ ಸಾಕು. ಆ ಕೂಡಿಟ್ಟ ಹಣ ಕನಿಷ್ಠ ಮೂರು ತಿಂಗಳ ಖರ್ಚಿನಷ್ಟು, ಇಲ್ಲಿ 1,65,000 ಆಗುವವರೆಗೆ ಹೊಸ ಕ್ಯಾಮೆರಾ ಕೊಳ್ಳಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೇರೆಯವರ ಕ್ಯಾಮೆರಾ ಕೆಲಸಕ್ಕೂ ಮಿತಿ ಇರಲಿ. ಮದುವೆ ಸೀಸನ್ನಿನಲ್ಲಿ ಅದು ಇಡೀ ತಿಂಗಳನ್ನು ನುಂಗುತ್ತದೆ.

ಜಾಹೀರಾತು ಯಾವಾಗ ಕೈಬಿಡುತ್ತದೆ

ಜಾಹೀರಾತಿನ ದರ ಹರಾಜಿನಲ್ಲಿ ನಿಗದಿಯಾಗುತ್ತದೆ. ದಸರಾದಿಂದ ದೀಪಾವಳಿ ದಾಟಿ ವರ್ಷದ ಕೊನೆವರೆಗೆ ಕಂಪನಿಗಳು ಹೆಚ್ಚು ಖರ್ಚು ಮಾಡುತ್ತವೆ, ಜನವರಿಯಲ್ಲಿ ದರ ಇಳಿಯುತ್ತದೆ. ನಿಮ್ಮ ವಿಡಿಯೋ ಕಳಪೆಯಾಗಿದೆ ಎಂದು ಜನವರಿಯಲ್ಲಿ ಗಾಬರಿಬಿದ್ದು ದಾರಿ ಬದಲಿಸುವ ಅಗತ್ಯವಿಲ್ಲ. 8 ನಿಮಿಷ ದಾಟಿದ ವಿಡಿಯೋದ ನಡುವೆ ಜಾಹೀರಾತು ಹಾಕಬಹುದು ಎಂಬ ನಿಯಮವೂ ಒಂದು ಆಮಿಷ. ಐದೂವರೆ ನಿಮಿಷದ ವಿಷಯವನ್ನು ಎಂಟಕ್ಕೆ ಎಳೆದರೆ ನೋಡುಗರು ನಡುವೆಯೇ ಎದ್ದುಹೋಗುತ್ತಾರೆ, ಶಿಫಾರಸು ಕುಗ್ಗುತ್ತದೆ, ಎಳೆದದ್ದೂ ದಂಡ.

ಇದಕ್ಕಿಂತ ಗಂಭೀರವಾದದ್ದು ಹಳದಿ ಗುರುತು, ಅಂದರೆ ಈ ವಿಡಿಯೋಗೆ ಜಾಹೀರಾತು ಕಡಿಮೆ ಎಂದು ಯೂಟ್ಯೂಬ್ ಹಾಕುವ ಚಿಹ್ನೆ. ಗಲಭೆ, ಸಾವು, ಸೂಕ್ಷ್ಮ ಘಟನೆಗಳಿರುವ ವಿಡಿಯೋಗೆ ಜಾಹೀರಾತು ಸೀಮಿತವಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿಗಾಗಿ ಮಂಡ್ಯ ಬೀದಿಗಿಳಿದಂಥ ದಿನಗಳಲ್ಲಿ, ಸ್ಥಳೀಯ ವಿಡಿಯೋಗಾರರು ಅತಿ ಅಗತ್ಯವಾಗಿದ್ದಾಗಲೇ, ಜಾಹೀರಾತಿನ ಹಣ ಹಿಂದೆ ಸರಿಯುವ ಸಾಧ್ಯತೆ ಹೆಚ್ಚು. ಮಾನವ ಪರಿಶೀಲನೆಗೆ ಮನವಿ ಹಾಕಬಹುದು, ಹಾಕಲೇಬೇಕು. ಆದರೆ ವೀಕ್ಷಣೆಯ ದೊಡ್ಡ ಪಾಲು ಮೊದಲ ಎರಡು ಮೂರು ದಿನಗಳಲ್ಲೇ ಬಂದು ಹೋಗಿರುತ್ತದೆ. ಇಂಥ ವಿಡಿಯೋಗಳನ್ನು ಜಾಹೀರಾತಿನ ಹಣ ಸೊನ್ನೆ ಎಂದೇ ಲೆಕ್ಕ ಹಾಕಿ ಮಾಡುವುದು ಕ್ಷೇಮ. ಸದಸ್ಯರ 7,900 ಇರುವುದು ಇದಕ್ಕೆ.

2025ರ ಜುಲೈ 15ರಿಂದ ಯೂಟ್ಯೂಬ್ ಯಾಂತ್ರಿಕವಾಗಿ, ಒಂದೇ ಅಚ್ಚಿನಲ್ಲಿ ರಾಶಿ ರಾಶಿ ತಯಾರಿಸಿದ ವಿಡಿಯೋಗಳನ್ನು ‘ಅಸಲಿಯಲ್ಲದ’ ವರ್ಗವೆಂದು ಕರೆದು ಹಣ ನಿರಾಕರಿಸುತ್ತಿದೆ. ಪತ್ರಿಕೆಯ ಸುದ್ದಿಯನ್ನು ಯಂತ್ರದ ದನಿಯಲ್ಲಿ ಓದಿಸಿ ಸ್ಥಿರಚಿತ್ರ ತೋರಿಸುವ ಚಾನೆಲ್‌ಗಳಿಗೆ ಇದು ಪೆಟ್ಟು. ಕಬ್ಬಿನ ಗದ್ದೆಯಲ್ಲಿ ನಿಂತು ಚಿತ್ರೀಕರಿಸುವವರಿಗೆ ಅದರಿಂದ ಭಯವಿಲ್ಲ.

ಈ ಸೀಮೆಗೆ ಸ್ವತಂತ್ರ ಪ್ರಸಾರದ ಕಷ್ಟ ಹೊಸದೇನೂ ಅಲ್ಲ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಪ್ರಸಾರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಆ ಮನೆಯಿಂದ. ಕೆಲವು ವರ್ಷ ನಡೆಸಿದ ಮೇಲೆ ಆ ಬಾನುಲಿ ಕೇಂದ್ರ ಮೈಸೂರು ಸಂಸ್ಥಾನದ ಸುಪರ್ದಿಗೆ ಹೋಯಿತು. ಕೇಳುಗರು ನೇರವಾಗಿ, ಸಣ್ಣ ಸಣ್ಣ ಮೊತ್ತದಲ್ಲಿ ಹಣ ಕಳಿಸುವ ದಾರಿ ಆ ಕಾಲದಲ್ಲಿ ಎಲ್ಲಿತ್ತು? ಈಗ ಇದೆ.

ನೋಡುಗರ ಹಣ

ಸದಸ್ಯತ್ವ ಕೇಳಲು ಸಂಕೋಚಪಡುವವರು ಹೆಚ್ಚು. ಕೇಳುವ ರೀತಿಯಲ್ಲಿ ಸ್ವಲ್ಪ ಹುಷಾರಾಗಿರಬೇಕು. ಸದಸ್ಯರಿಗೆ ಮಾತ್ರ ವಿಶೇಷ ವಿಡಿಯೋ ಕೊಡುತ್ತೇವೆ ಎಂದು ಮಾತುಕೊಟ್ಟರೆ ಇರುವ ಕೆಲಸದ ಮೇಲೆ ಇನ್ನೊಂದು ಕೆಲಸ ಬೀಳುತ್ತದೆ, ನಾಲ್ಕನೇ ತಿಂಗಳಿಗೆ ಮಾತು ತಪ್ಪುತ್ತದೆ. ಎಡಿಟ್ ಮಾಡದ ಪೂರ್ತಿ ಸಂದರ್ಶನ, ತಿಂಗಳಿಗೊಂದು ಖರ್ಚು–ಆದಾಯದ ಪಟ್ಟಿ, ಮುಂದಿನ ವಿಷಯ ಯಾವುದು ಎಂಬ ಚರ್ಚೆ: ಇವು ಹೆಚ್ಚು ಶ್ರಮ ಬೇಡದ, ಆದರೆ ಸದಸ್ಯರು ನಿಜಕ್ಕೂ ಇಷ್ಟಪಡುವ ಸಂಗತಿಗಳು. ವಿದೇಶಿ ವೇದಿಕೆಗಳ ಮೂಲಕ ತಿಂಗಳ ಚಂದಾ ಪಡೆಯಲು ಹೋದರೆ ಇನ್ನೊಂದು ತೊಡಕಿದೆ. ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಹೆಚ್ಚುವರಿ ದೃಢೀಕರಣ ತಂದ ಮೇಲೆ ಇಲ್ಲಿನ ಕಾರ್ಡುಗಳ ಪಾವತಿ ಅಲ್ಲಿ ಪದೇ ಪದೇ ತಪ್ಪುತ್ತಿತ್ತು. ಊರಿನ ನೋಡುಗರಿಗೆ ಯುಪಿಐ ಸುಲಭ.

ಯುಪಿಐ ಮೂಲಕ ಬಂದ ಕಾಣಿಕೆಯೂ ಆದಾಯವೇ. 2025ರ ಜುಲೈನಲ್ಲಿ ರಾಜ್ಯ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ಎಲ್ಲರಿಗೂ ನೆನಪಿರಬೇಕು. ಚಾನೆಲ್‌ಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆದು, ಮನೆಯ ಹಣ, ಅಣ್ಣ ಕಳಿಸಿದ ಸಾಲ ಅದರಲ್ಲಿ ಬೆರೆಯದಂತೆ ನೋಡಿಕೊಂಡರೆ ಮುಂದೆ ವಿವರಣೆ ಕೊಡುವುದು ಸಲೀಸು. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು. ವಿದೇಶದಿಂದ ಬರುವ ಜಾಹೀರಾತಿನ ಹಣವೂ ಆ ವಹಿವಾಟಿನ ಲೆಕ್ಕಕ್ಕೆ ಸೇರುತ್ತದೆ. ಅದಕ್ಕಿಂತ ಮುಂಚೆಯೇ ಒಬ್ಬ ಲೆಕ್ಕಪರಿಶೋಧಕರನ್ನು ಕಂಡು ಮಾತಾಡಿಟ್ಟುಕೊಳ್ಳಿ.

ಆಲೆಮನೆಗೆ ಬಂದ ಪ್ರಾಯೋಜಕ

ಸ್ವಾತಂತ್ರ್ಯಕ್ಕೆ ನಿಜವಾದ ಪರೀಕ್ಷೆ ಪ್ರಾಯೋಜಕರ ಹಣ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಬೆಲ್ಲ ಮಾರುವ ಒಂದು ಅಂಗಡಿ, ಮಂಡ್ಯದ ಆಲೆಮನೆಯ ಮೇಲೆ ವಿಡಿಯೋ ಮಾಡಿ, ‘ರಾಸಾಯನಿಕಮುಕ್ತ ಬೆಲ್ಲ’ ಎಂದು ಹೇಳಿ ಎಂದು ಕೇಳುತ್ತದೆ.

ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಮಡ್ಡಿ ಮೇಲೆದ್ದು ಬರುತ್ತದೆ. ಅದನ್ನು ಬೇರ್ಪಡಿಸಲು ಬೆಂಡೆ ಗಿಡದ ಲೋಳೆ ಹಾಕುವ ಹಳೆಯ ಪದ್ಧತಿಯಿದೆ. ಬೆಲ್ಲಕ್ಕೆ ತಿಳಿ ಹಳದಿ ಬಣ್ಣ ಬರಲೆಂದು ‘ಹೈಡ್ರೋಸ್’, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಹಾಕುವ ಪದ್ಧತಿಯೂ ಇದೆ. ಅದು ಹಾಕದ ಬೆಲ್ಲ ಕಂದು ಬಣ್ಣಕ್ಕಿರುತ್ತದೆ. ಅಂದರೆ ಈ ವಿಡಿಯೋದಲ್ಲಿ ಬಣ್ಣವೇ ಒಂದು ಸಾಕ್ಷಿ. ಬೆಳಕಿಗೆ ತಕ್ಕಂತೆ ಕ್ಯಾಮೆರಾ ಬಣ್ಣ ಹೊಂದಿಸಿಕೊಳ್ಳುವುದಕ್ಕೆ ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ಫೋನಿನಲ್ಲಿ ಅದನ್ನು ಆಟೋಗೆ ಬಿಟ್ಟರೆ ಒಲೆಯ ಬೆಂಕಿ, ತಗಡಿನ ಸಂದಿಯ ಬಿಸಿಲು, ಎಲ್‌ಇಡಿ ಬಲ್ಬು ಮೂರೂ ಸೇರಿ ಶಾಟಿನಿಂದ ಶಾಟಿಗೆ ಬೆಲ್ಲದ ಬಣ್ಣ ಬದಲಾಗುತ್ತದೆ, ಕಂದು ಬೆಲ್ಲ ಹಳದಿಯಾಗಿ ಕಾಣಬಹುದು. ಅಚ್ಚಿನ ಪಕ್ಕ ಬಿಳಿ ಕಾಗದವೊಂದನ್ನಿಟ್ಟು, ಅದು ಬಿಳಿಯಾಗಿಯೇ ಕಾಣುವಂತೆ ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ಹಗಲು ಬೆಳಕಿನಲ್ಲಿ 5,000ರಿಂದ 5,500 ಕೆಲ್ವಿನ್ ನಡುವೆ ಅದು ಕೂರುತ್ತದೆ. ಬಲ್ಬು ಮಿಣುಗುಟ್ಟದಿರಲು ಶಟರ್ 1/50 ಅಥವಾ 1/100 ಸೆಕೆಂಡಿಗೆ ಇರಲಿ. ತಣ್ಣಗಿರುವ ಫೋನನ್ನು ಸೀದಾ ಕೊಪ್ಪರಿಗೆಯ ಹಬೆಗೆ ಒಡ್ಡಿದರೆ ಲೆನ್ಸ್ ಮಂಜಾಗುತ್ತದೆ, ಹತ್ತು ಹದಿನೈದು ನಿಮಿಷ ಒಳಗಿಟ್ಟು ಬೆಚ್ಚಗಾದ ಮೇಲೆ ಶುರುಮಾಡಿ. ಗಾಣದ ಸದ್ದಿನಲ್ಲಿ ಮಾತು ಕೇಳಬೇಕಾದರೆ ಕಾಲರ್ ಮೈಕ್ ಗದ್ದದಿಂದ 15–20 ಸೆಂಟಿಮೀಟರ್ ದೂರದಲ್ಲಿರಲಿ, 80ರಿಂದ 100 ಹರ್ಟ್ಸ್ ಕೆಳಗಿನ ಸದ್ದು ಕತ್ತರಿಸಿ, ಮಾತಿನ ಏರು ಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ.

ಇನ್ನು ‘ರಾಸಾಯನಿಕಮುಕ್ತ’ ಎಂಬ ಮಾತು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಅನುಮೋದನೆ ಕೊಟ್ಟವರಿಗೂ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಹೇಳುವ ಮೊದಲು ಪರಿಶೀಲಿಸಿದ್ದೆವು ಎಂಬುದಕ್ಕೆ ದಾಖಲೆ ಇದ್ದರೆ ಮಾತ್ರ ರಕ್ಷಣೆ. ಹಾಗಾಗಿ ಪ್ರಾಯೋಜಕರಿಂದ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಕೇಳಿ. ಅದರಲ್ಲಿ ಯಾವ ಬ್ಯಾಚಿನ ಬೆಲ್ಲ, ಯಾವ ದಿನಾಂಕ, ಹೈಡ್ರೋಸ್ ಹಾಕಿದ್ದರ ಸುಳಿವು ಕೊಡುವ ಸಲ್ಫರ್ ಡೈಆಕ್ಸೈಡ್ ಉಳಿಕೆ ಎಷ್ಟು ಎಂಬುದು ಇರಬೇಕು. ವರದಿ ಕೊಡದಿದ್ದರೆ ‘ಈ ಆಲೆಮನೆಯಲ್ಲಿ ನಾವು ನೋಡಿದ ದಿನ ಬೆಂಡೆ ಲೋಳೆ ಬಳಸಿದರು’ ಎಂದಷ್ಟೇ ಹೇಳಿ, ಕಂಡದ್ದನ್ನು ತೋರಿಸಿ. ಇದಕ್ಕೊಪ್ಪದ ಪ್ರಾಯೋಜಕರ ಹಣ ಬೇಡ. ಅದು ಹೋದರೂ ತಿಂಗಳು ನಡೆಯುವಂತೆ ಮೇಲಿನ ಲೆಕ್ಕ ಮಾಡಿದ್ದೇ ಇದಕ್ಕಾಗಿ.

ಪ್ರಾಯೋಜಿತ ಭಾಗವನ್ನು ಬಚ್ಚಿಡುವುದು ಕೂಡದು. ಜಾಹೀರಾತು ಮಾನಕ ಮಂಡಳಿ 2021ರಲ್ಲಿ ತಂದ ಮಾರ್ಗಸೂಚಿಯಂತೆ ಎರಡು ನಿಮಿಷ ಮೀರಿದ ವಿಡಿಯೋದಲ್ಲಿ ಸರಕಿನ ಮಾತು ನಡೆಯುವಷ್ಟೂ ಹೊತ್ತು ಪರದೆಯ ಮೇಲೆ ಗುರುತು ಇರಬೇಕು. ಕನ್ನಡ ವಿಡಿಯೋದಲ್ಲಿ ದೊಡ್ಡ ಅಕ್ಷರದಲ್ಲಿ ‘ಪ್ರಾಯೋಜಿತ’ ಎಂದೇ ಹಾಕಿ. ನೋಡುಗರು ಇದಕ್ಕೆ ಬೇಸರಿಸಿಕೊಳ್ಳುವುದಿಲ್ಲ, ಆಮೇಲೆ ಗೊತ್ತಾದರೆ ಬೇಸರಿಸಿಕೊಳ್ಳುತ್ತಾರೆ.

ಒಪ್ಪಂದವನ್ನು ಬರಹದಲ್ಲೇ ಮಾಡಿಕೊಳ್ಳಿ, ಇಮೇಲ್ ಆದರೂ ಸಾಕು. ಪ್ರಾಯೋಜಕರು ನೋಡಿ ಒಪ್ಪಿಗೆ ಕೊಡುವುದು ತಮ್ಮ 60–90 ಸೆಕೆಂಡಿನ ಭಾಗಕ್ಕೆ ಮಾತ್ರ, ಉಳಿದ ವಿಡಿಯೋವನ್ನು ಪ್ರಕಟವಾಗುವ ಮುನ್ನ ಕಳಿಸುವುದಿಲ್ಲ ಎಂಬ ಸಾಲು ಎಲ್ಲಕ್ಕಿಂತ ಮುಖ್ಯ. ಅವರ ಭಾಗದಲ್ಲಿ ತಿದ್ದುಪಡಿ ಒಂದು ಸಲ. ಅರ್ಧ ಹಣ ಮುಂಗಡ, ಉಳಿದದ್ದು ಪ್ರಕಟವಾಗಿ 30 ದಿನಗಳೊಳಗೆ. ಚಿತ್ರೀಕರಣವಾದ ಮೇಲೆ ಅವರೇ ಹಿಂದೆ ಸರಿದರೆ ಮುಂಗಡ ವಾಪಸಿಲ್ಲ. ಆ ತುಣುಕನ್ನು ಅವರು ತಮ್ಮ ಜಾಹೀರಾತಾಗಿ ಓಡಿಸುವುದಾದರೆ 30 ಅಥವಾ 60 ದಿನ ಎಂದು ಗಡುವು, ಅದಕ್ಕೆ ಬೇರೆ ದರ. ‘ಶಾಶ್ವತವಾಗಿ, ಎಲ್ಲ ಮಾಧ್ಯಮಗಳಲ್ಲಿ’ ಎಂಬ ಪದಗಳು ಕಂಡರೆ ಹೊಡೆದುಹಾಕಿ. ಬೇರೆ ಬೆಲ್ಲದವರ ವಿಡಿಯೋ ಮಾಡಬಾರದು ಎಂಬ ಷರತ್ತನ್ನು ಒಪ್ಪುವುದಾದರೆ ಅದು ಪ್ರಾಯೋಜಿತ ವಿಡಿಯೋಗೆ ಮಾತ್ರ ಅನ್ವಯಿಸಲಿ, ನಿಮ್ಮ ವರದಿಗಾರಿಕೆಗೆ ಅಲ್ಲ.

ಹಣ ತಡವಾಗಿ ಬರುವುದು ಈ ಕ್ಷೇತ್ರದ ಮಾಮೂಲಿ ರೋಗ. ಅದಕ್ಕೊಂದು ಮದ್ದಿದೆ, ಬಳಸುವವರು ಕಡಿಮೆ: ಆಧಾರ್, ಪ್ಯಾನ್ ಹಿಡಿದು ಉಚಿತವಾಗಿ ಆಗುವ ‘ಉದ್ಯಮ್’ ನೋಂದಣಿ. ನೋಂದಾಯಿತ ಕಿರು ಉದ್ಯಮದ ಸೇವೆ ಪಡೆದವರು ಬರಹದ ಒಪ್ಪಂದವಿದ್ದರೆ ಗರಿಷ್ಠ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವು ಮೀರಿದ ಬಾಕಿಯನ್ನು ಕೊಡುವವರೆಗೂ ಅವರು ಅದನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಲಾಗದು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ನಮೂದಿಸಿದರೆ ಕಂಪನಿಯ ಲೆಕ್ಕದ ವಿಭಾಗವೇ ಎಚ್ಚೆತ್ತುಕೊಳ್ಳುತ್ತದೆ.

ಕೃಷಿ ಚಾನೆಲ್‌ಗಳಿಗೆ ಹಣದ ಬದಲು ಯಂತ್ರ ಕೊಡುವವರೂ ಇದ್ದಾರೆ. ವರ್ಷಕ್ಕೆ 20,000 ರೂಪಾಯಿ ಮೀರಿದ ಇಂಥ ಉಡುಗೊರೆಗೆ 2022ರ ಜುಲೈ 1ರಿಂದ ಶೇ 10 ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಇದೆ. 45,000 ರೂಪಾಯಿಯ ಕಳೆ ಯಂತ್ರ ಇಟ್ಟುಕೊಂಡರೆ 4,500 ರೂಪಾಯಿ ಟಿಡಿಎಸ್, ಮೇಲೆ ಆ ಯಂತ್ರದ ಬೆಲೆ ನಿಮ್ಮ ಆದಾಯಕ್ಕೂ ಸೇರುತ್ತದೆ. ಬಳಸಿ ನೋಡಿ ಹಿಂದಿರುಗಿಸಿದರೆ ಈ ತೆರಿಗೆ ಇಲ್ಲ. ಹಿಂದಿರುಗಿಸಿದ್ದಕ್ಕೆ ರಸೀದಿ ಪಡೆದುಕೊಳ್ಳಿ. ಯಂತ್ರ ಮನೆಯಲ್ಲಿಲ್ಲದಿದ್ದರೆ ಅದರ ಕೊರತೆ ಹೇಳಲು ನಾಲಿಗೆಯೂ ಹಗುರವಾಗಿರುತ್ತದೆ.

ಹಾಡು ಯಾರದು

ಮೈಸೂರು, ಮಂಡ್ಯದ ವಿಡಿಯೋಗಳಲ್ಲಿ ಹಾಡಿಲ್ಲದೆ ನಡೆಯುವುದಿಲ್ಲ, ಹಕ್ಕಿನ ಗೊಂದಲವೂ ಅಲ್ಲೇ ಹೆಚ್ಚು. ಏಳು ಸೆಕೆಂಡು ಬಳಸಿದರೆ ತಪ್ಪಿಲ್ಲ ಎಂಬುದು ಬರೀ ಗಾಳಿಮಾತು. ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಥ ಅಳತೆ ಇಲ್ಲ. ವಿಮರ್ಶೆ, ಪ್ರಚಲಿತ ಘಟನೆಯ ವರದಿಗೆ ನ್ಯಾಯಯುತ ಬಳಕೆಗೆ ಅವಕಾಶವಿದೆ, ಹಿನ್ನೆಲೆಯಲ್ಲಿ ಮನರಂಜನೆಗೆ ಹಾಕಿದ್ದು ಅದರೊಳಗೆ ಬರುವುದಿಲ್ಲ.

ಒಂದು ಹಾಡಿನಲ್ಲಿ ಬೇರೆ ಬೇರೆ ಹಕ್ಕುಗಳಿವೆ. ರಚನೆಯ ಹಕ್ಕು ರಚಿಸಿದವರು ತೀರಿದ ಮೇಲೆ 60 ವರ್ಷ. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ನಿಧನರಾದ್ದರಿಂದ 2022ರಿಂದ ಅವರ ಕೃತಿಗಳನ್ನು ಯಾರು ಬೇಕಾದರೂ ಹಾಡಿಸಿ ಚಿತ್ರೀಕರಿಸಬಹುದು. ಜಯಚಾಮರಾಜ ಒಡೆಯರ್ ತೀರಿದ್ದು 1974ರಲ್ಲಿ, ಅವರ ಕೃತಿಗಳಿಗೆ 2034ರ ಕೊನೆವರೆಗೂ ಹಕ್ಕಿದೆ. ರಚನೆ ಮುಕ್ತವಾದರೂ ಯಾವುದೋ ಕಂಪನಿ ಹೊರತಂದ ಧ್ವನಿಮುದ್ರಿಕೆ ಮುಕ್ತವಲ್ಲ, ಅದಕ್ಕೆ ಪ್ರಕಟವಾದಲ್ಲಿಂದ 60 ವರ್ಷ. ಕಂಸಾಳೆಯವರು, ತಂಬೂರಿಯವರು ಹಾಡುವ ಮಾದಪ್ಪನ ಪದಕ್ಕೆ ರಚನೆಯ ಒಡೆಯರಿಲ್ಲ. ಆದರೆ ನಿಮ್ಮ ಕ್ಯಾಮೆರಾ ಮುಂದೆ ಹಾಡಿದ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ. ಒಂದು ಪುಟದ ಕನ್ನಡ ಒಪ್ಪಿಗೆ ಪತ್ರ, ಓದಲು ಬಾರದಿದ್ದರೆ ಕ್ಯಾಮೆರಾ ಮುಂದೆಯೇ ಓದಿ ಹೇಳಿ ಪಡೆದ ಒಪ್ಪಿಗೆ, ಕೊಟ್ಟ ಹಣದ ದಾಖಲೆ ಇರಬೇಕು. ಮುಂದೆ ಆ ದೃಶ್ಯವನ್ನು ಬೇರೆಯವರಿಗೆ ಮಾರಿದರೆ ಅವರಿಗೆಷ್ಟು ಪಾಲು ಎಂಬುದನ್ನೂ ಅಲ್ಲೇ ಬರೆದುಬಿಡಿ. ಕಲಾವಿದರನ್ನು ಬರಿಗೈಲಿ ಕಳಿಸಿ ನಮ್ಮ ಸ್ವಾತಂತ್ರ್ಯದ ಮಾತಾಡುವುದು ನ್ಯಾಯವಲ್ಲ.

ಹೀಗೆ ಮಾಡಿದ್ದಕ್ಕೂ ಕಂಟೆಂಟ್ ಐಡಿ ದೂರು ಬರಬಹುದು. ನೋಂದಾಯಿತ ಹಾಡು, ದೃಶ್ಯಗಳಿಗೆ ಹೋಲುವುದನ್ನು ತಾನಾಗಿಯೇ ಪತ್ತೆಹಚ್ಚುವ ಯೂಟ್ಯೂಬಿನ ವ್ಯವಸ್ಥೆ ಅದು. ಅದೇ ಪದವನ್ನು ಕಂಪನಿಯೊಂದು ಮುದ್ರಿಸಿ ನೋಂದಾಯಿಸಿದ್ದರೆ ಯಂತ್ರಕ್ಕೆ ಎರಡೂ ಒಂದೇ ಥರ ಕೇಳಿಸುತ್ತದೆ. ಈ ದೂರು ಸ್ಟ್ರೈಕ್, ಅಂದರೆ ಚಾನೆಲ್ ಮೇಲೆ ಬೀಳುವ ಹಕ್ಕುಚ್ಯುತಿಯ ಎಚ್ಚರಿಕೆ, ಅಲ್ಲ. ಹೆದರಬೇಕಿಲ್ಲ. ದೂರು ಬಂದ ಐದು ದಿನದೊಳಗೆ ತಕರಾರು ಹಾಕಿದರೆ ಮೊದಲ ದಿನದಿಂದಲೂ ಹಣ ತಡೆಹಿಡಿದು, ಇತ್ಯರ್ಥವಾದ ಮೇಲೆ ಗೆದ್ದವರಿಗೆ ಕೊಡುತ್ತಾರೆ. ತಡವಾದರೆ ಅಷ್ಟು ದಿನದ ಹಣ ಹೋದಂತೆಯೇ. ಎದುರಾಳಿಗೆ ಉತ್ತರಿಸಲು 30 ದಿನ. ಎಡಿಟ್ ಮಾಡದ ಮೂಲ ಕಡತ ನಿಮ್ಮಲ್ಲಿದ್ದರೆ ತಕರಾರಿಗೆ ಅದೇ ಆಧಾರ. ಸ್ಟ್ರೈಕ್ ಬೇರೆ: 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ ಮುಚ್ಚಬಹುದು.

ಚಾನೆಲ್ ಕೈತಪ್ಪುವ ಇನ್ನೊಂದು ದಾರಿ ನಕಲಿ ಪ್ರಾಯೋಜಕರ ಇಮೇಲ್. ‘ಒಪ್ಪಂದದ ಕರಡು’ ಎಂದು ಪಾಸ್‌ವರ್ಡ್ ಇರುವ ಜಿಪ್ ಕಡತ ಬರುತ್ತದೆ. ತೆರೆದರೆ ಒಳಗಿನ ಪ್ರೋಗ್ರಾಂ ಬ್ರೌಸರ್‌ನ ಲಾಗಿನ್ ಕುಕಿಯನ್ನು, ಅಂದರೆ ನೀವು ಈಗಾಗಲೇ ಲಾಗಿನ್ ಆಗಿದ್ದೀರಿ ಎಂಬ ಗುರುತಿನ ಕಡತವನ್ನು, ಕದಿಯುತ್ತದೆ, ಎರಡು ಹಂತದ ಭದ್ರತೆಯೂ ಆಗ ಕೆಲಸಕ್ಕೆ ಬಾರದು. ಜಿಪ್ ತೆರೆಯಬೇಡಿ, ಕಂಪನಿಯ ಜಾಲತಾಣದಲ್ಲಿರುವ ಸಂಖ್ಯೆಗೆ ಕರೆಮಾಡಿ ವಿಚಾರಿಸಿ. ಎಡಿಟರ್‌ಗೆ ಪಾಸ್‌ವರ್ಡ್ ಕೊಡದೆ ಸ್ಟುಡಿಯೋದ ಅನುಮತಿ ವ್ಯವಸ್ಥೆಯಲ್ಲಿ ಬೇಕಾದಷ್ಟೇ ಅಧಿಕಾರ ಕೊಡಿ.

ಸರ್ಕಾರದ ಕಡೆಯಿಂದ ಬರಬಹುದಾದ ನಿಯಂತ್ರಣವನ್ನೂ ಗಮನಿಸುತ್ತಿರಬೇಕು. 2024ರಲ್ಲಿ ಪ್ರಸಾರ ಸೇವೆಗಳ ಮಸೂದೆಯ ಕರಡು ಸುದ್ದಿ, ಪ್ರಚಲಿತ ವಿದ್ಯಮಾನ ಹೇಳುವ ಸ್ವತಂತ್ರ ವಿಡಿಯೋಗಾರರನ್ನೂ ಪ್ರಸಾರಕರೆಂದು ಪರಿಗಣಿಸಲು ಹೊರಟಿತ್ತು. ವಿರೋಧ ಬಂದ ಮೇಲೆ ಆಗಸ್ಟ್‌ನಲ್ಲಿ ಅದು ಹಿಂದೆ ಸರಿಯಿತು.

ವರ್ಷದ ಹೊಂದಾಣಿಕೆ

ಕಬ್ಬು ಸುಮಾರು ಹನ್ನೆರಡು ತಿಂಗಳ ಬೆಳೆ. ಪ್ರಾಯೋಜಕರಿಗೆ ಮೂವತ್ತು ದಿನದಲ್ಲಿ ಫಲಿತಾಂಶ ಬೇಕು. ಹೊಸ ಗೊಬ್ಬರವೋ ನಾಟಿಯ ಹೊಸ ವಿಧಾನವೋ ನಿಜಕ್ಕೂ ಕೆಲಸ ಮಾಡಿತೇ ಎಂದು ಹೇಳಲು ಕಟಾವಿನ ತೂಕದ ಚೀಟಿ ಕೈಗೆ ಬರಬೇಕು. ಇಂಥ ವಿಡಿಯೋಗೆ ಸದಸ್ಯರ ಹಣವೇ ಸರಿ. ಗದ್ದೆಯ ಬದುವಿನಲ್ಲಿ ಒಂದು ಗೂಟ ನೆಟ್ಟು, ಪ್ರತಿ ತಿಂಗಳು ಅದೇ ಗೂಟದಿಂದ, ಅದೇ ಎತ್ತರದಿಂದ, ಅದೇ ಹೊತ್ತಿನಲ್ಲಿ ಪ್ರಯೋಗದ ಸಾಲು ಮತ್ತು ಮಾಮೂಲಿ ಸಾಲು ಎರಡನ್ನೂ ಚಿತ್ರೀಕರಿಸಿ. ತಿಂಗಳಿಗೆ ಅರ್ಧ ದಿನದ ಕೆಲಸ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ವಿಜ್ಞಾನಿಗಳಿಗೆ ಆ ದೃಶ್ಯಗಳನ್ನು ತೋರಿಸಿ ಅಭಿಪ್ರಾಯ ಕೇಳಿದರೆ ಮಾತಿಗೆ ತೂಕ ಬರುತ್ತದೆ.

ದಸರಾ, ದೀಪಾವಳಿಯ ಪ್ರಾಯೋಜಕರ ಜೊತೆ ಆಗಸ್ಟ್‌ನಲ್ಲೇ ಮಾತು ಮುಗಿಸಿ. ಸೆಪ್ಟೆಂಬರ್ ಕೊನೆಗೆ ಬರುವವರು ಅವಸರದಲ್ಲಿರುತ್ತಾರೆ, ಷರತ್ತು ಓದಲು ಪುರುಸೊತ್ತು ಕೊಡುವುದಿಲ್ಲ. ದರ ಇಳಿಯುವ ಜನವರಿಯಿಂದ ಮಾರ್ಚ್‌ವರೆಗಿನ ಕಾಲವನ್ನು ಚಿತ್ರೀಕರಣಕ್ಕೆ ಮೀಸಲಿಡಿ. ಸಂಕ್ರಾಂತಿಯ ದಿನ ರಾಸುಗಳನ್ನು ಕಿಚ್ಚು ಹಾಯಿಸುವುದನ್ನು ಅವತ್ತೇ ಚಿಕ್ಕದಾಗಿ ಹಾಕಿ, ಪೂರ್ತಿ ವಿಡಿಯೋವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಹಬ್ಬದ ಬಗ್ಗೆ ಜನ ಹುಡುಕುವುದು ಹಬ್ಬಕ್ಕೆ ಮುಂಚೆ. ಜನವರಿ ಮೊದಲ ವಾರವೇ ಅದು ಚಾನೆಲ್‌ನಲ್ಲಿದ್ದರೆ ವರ್ಷ ವರ್ಷವೂ ಅದೇ ವಾರ ಮತ್ತೆ ನೋಡುಗರನ್ನು ತರುತ್ತದೆ.